ರಾತ್ರಿ ಮೂರಕ್ಕೆ ಕಂಡ ಬಿಳಿ ಸೀರೆ, ಸಂಜೆ ಆರಕ್ಕೆ ಕಾಣದ ಟ್ರಾಕ್ಟರ್

ಪ್ರಶ್ನೆ: ನನಗೆ 34 ವರ್ಷ. ಪೀಣ್ಯದಿಂದ ನಾಗಪುರಕ್ಕೆ ಪಂಪು, ಮಶೀನ್ ಸಾಮಾನು ಒಯ್ಯುತ್ತೇನೆ. ವಾಪಸ್ ಬರುವಾಗ ಈ ಸೀಸನ್‌ನಲ್ಲಿ ಕಿತ್ತಳೆ ಲೋಡು. ಮಧ್ಯೆ ಹಾಸನದ ಕಡೆ ಸಣ್ಣ ಟ್ರಿಪ್ಪುಗಳೂ ಇರುತ್ತವೆ. ದಸರಾ ಕಳೆದ ಮೇಲೆ ಕಣ್ಣು ಕೈಕೊಡುತ್ತಿದೆ ಅನಿಸುತ್ತಿದೆ. ಹಾಸನ ರೋಡಿನಲ್ಲಿ ಸಂಜೆ ಬಿಸಿಲು ಹೊಡೆದರೆ ಎರಡು ಮೂರು ಸೆಕೆಂಡು ಏನೂ ಕಾಣುವುದಿಲ್ಲ. ರಾತ್ರಿ ಎದುರಿನ ಹೆಡ್‌ಲೈಟ್ ಸುತ್ತ ಬಳೆ ಬಳೆಯಾಗಿ ಬೆಳಕು ಕಾಣುತ್ತದೆ. ಬೆಳಗಿನ ಜಾವ ಚಿಕ್ಕಬಳ್ಳಾಪುರದ ಹತ್ತಿರ ಮಂಜು. ಇದೆಲ್ಲ ಇರಲಿ. ಹೋದ ತಿಂಗಳು ಪೆನುಕೊಂಡ ದಾಟಿದ ಮೇಲೆ ರಾತ್ರಿ ಮೂರು ಗಂಟೆಗೆ ಡಿವೈಡರ್ ಪಕ್ಕ ಬಿಳಿ ಸೀರೆಯ ಹೆಂಗಸು ನಿಂತಿದ್ದು ಕಂಡೆ. ಬ್ರೇಕ್ ಒತ್ತಿದೆ. ಹಿಂದಿನ ಗಾಡಿ ಸ್ವಲ್ಪದರಲ್ಲಿ ತಪ್ಪಿತು. ಇಳಿದು ನೋಡಿದರೆ ಯಾರೂ ಇಲ್ಲ. ಕ್ಲೀನರ್ ಹುಡುಗನಿಗೆ ಏನೂ ಕಂಡಿಲ್ಲವಂತೆ. ಹಳೇ ಡ್ರೈವರ್‌ಗಳು ಮೋಹಿನಿ ಅನ್ನುತ್ತಾರೆ. ಓನರ್ ನಿಂಬೆಹಣ್ಣು ಕಟ್ಟು ಅಂದರು. ಹೆಂಡತಿ ರಾತ್ರಿ ಕೆಲಸ ಬಿಡು ಅನ್ನುತ್ತಾಳೆ. ಹಳದಿ ಕನ್ನಡಕ ತರಿಸಿಟ್ಟಿದ್ದೇನೆ, ಹಾಕಬಹುದಾ? ನನ್ನ ಕಣ್ಣು ಹಾಳಾಗಿದೆಯಾ, ತಲೆ ಕೆಟ್ಟಿದೆಯಾ?
(ಹೆಸರು ಬೇಡ, ಟಿ. ದಾಸರಹಳ್ಳಿ)

ಉತ್ತರ: ತಲೆ ಕೆಟ್ಟಿಲ್ಲ. ಅದನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದು ನಿಧಾನಕ್ಕೆ ಓದಿ. ಕಣ್ಣು ಹೇಗಿದೆ ಅನ್ನುವುದನ್ನು ಪರೀಕ್ಷೆ ಮಾಡದೆ ಯಾರೂ ಹೇಳಲಾರರು. ನಾನು ಡಾಕ್ಟರ್ ಅಲ್ಲ, ಭಾರಿ ವಾಹನ ಓಡಿಸುವವರಿಗೆ ತರಬೇತಿ ಕೊಡುವವನು. ಅದಕ್ಕೂ ಮುಂಚೆ ಇದೇ ಹೈದರಾಬಾದ್ ರೋಡಿನಲ್ಲಿ ಲಾರಿ ಓಡಿಸಿದವನು. ನಿಮ್ಮಂಥ ಮಾತು ಪ್ರತಿ ವರ್ಷ ಆಯುಧಪೂಜೆ ಮುಗಿದ ಮೇಲೆ ಕ್ಲಾಸಿನಲ್ಲಿ ಕೇಳುತ್ತೇನೆ. ಬೇಸಿಗೆಯಲ್ಲಿ ಇಷ್ಟು ಕೇಳುವುದಿಲ್ಲ. ಅದಕ್ಕೆ ಕಾರಣ ಇದೆ.

ನೀವು ನಾಲ್ಕು ಬೇರೆ ಬೇರೆ ತೊಂದರೆಗಳನ್ನು ಒಂದೇ ಗೋಣಿಚೀಲಕ್ಕೆ ತುಂಬಿ ಕಳಿಸಿದ್ದೀರಿ. ಬಿಸಿಲು ಒಂದು. ಬೆಳಕಿನ ಬಳೆ ಇನ್ನೊಂದು. ಮಂಜು ಮತ್ತೊಂದು. ಬಿಳಿ ಸೀರೆ ಪೂರ್ತಿ ಬೇರೆಯದು, ಅದಕ್ಕೂ ಕಣ್ಣಿಗೂ ಹೆಚ್ಚಿನ ಸಂಬಂಧ ಇರಲಾರದು. ನಿಮಗೆ ಹೆದರಿಕೆ ಆಗಿರುವುದು ಇಲ್ಲದ್ದು ಕಂಡಿತಲ್ಲ ಎಂದು. ನನಗೆ ಹೆದರಿಕೆ ಆಗುವುದು ನಿಮ್ಮ ಹಾಸನ ರೋಡಿನ ಆ ಎರಡು ಮೂರು ಸೆಕೆಂಡಿನ ಬಗ್ಗೆ. ಅಲ್ಲಿ ಇದ್ದದ್ದು ಕಾಣುತ್ತಿಲ್ಲ. ಈ ಕಾಲದಲ್ಲಿ ಜಾಸ್ತಿ ಜನ ಸಾಯುವಂಥ ಜಾಗ ಅದು ಅನ್ನುವುದು ನನ್ನ ಅಭಿಪ್ರಾಯ.

ಆದರೂ ಸೀರೆಯಿಂದಲೇ ಶುರು ಮಾಡೋಣ. ಅದು ತಲೆಯಲ್ಲಿ ಕೂತಿರುವಾಗ ಬೇರೆ ಏನು ಹೇಳಿದರೂ ನಿಮಗೆ ಕೇಳಿಸುವುದಿಲ್ಲ.

ನಾಗಪುರದಿಂದ ಬೆಂಗಳೂರಿಗೆ ಸುಮಾರು 1,070 ಕಿಲೋಮೀಟರ್. ಲೋಡಾದ ಗಾಡಿ, ಟೋಲು, ಊಟ, ಟೀ ಎಲ್ಲ ಸೇರಿ ಗಂಟೆಗೆ ಸರಾಸರಿ 45 ಅಂತ ಹಿಡಿದರೆ 24 ಗಂಟೆ ಬೇಕು. ಕಿತ್ತಳೆ ಕಾಯುವ ಮಾಲಲ್ಲ. ಸಿಂಗೇನ ಅಗ್ರಹಾರದ ಹಣ್ಣಿನ ಮಾರುಕಟ್ಟೆಗೆ ನಸುಕಿಗೇ ಮುಟ್ಟಬೇಕು, ಹಗಲು ಹೊತ್ತಿನಲ್ಲಿ ನಗರದೊಳಗೆ ಭಾರಿ ವಾಹನಕ್ಕೆ ನಿರ್ಬಂಧ ಬೇರೆ. ಅಂದರೆ ನೀವು ಪೆನುಕೊಂಡದಲ್ಲಿ ಇರಬೇಕಾದದ್ದೇ ರಾತ್ರಿ ಎರಡು ಮೂರು ಗಂಟೆಗೆ. ಹೋದ ತಿಂಗಳ ಆ ರಾತ್ರಿಗೆ ಹಿಂದಿನ 24 ಗಂಟೆಯಲ್ಲಿ ನೀವು ಎಷ್ಟು ಹೊತ್ತು ಮಲಗಿದ್ದಿರಿ? ನೀವು ಬರೆದಿಲ್ಲ. ಬರೆಯದಿದ್ದರೂ ನನಗೆ ಅಂದಾಜಿದೆ.

ನಿದ್ದೆಗೆಟ್ಟ ಮನುಷ್ಯನ ಮಿದುಳು ಒಂದೇ ಸಲ ಮಲಗುವುದಿಲ್ಲ. ತುಣುಕು ತುಣುಕಾಗಿ ಮಲಗುತ್ತದೆ. ಕಣ್ಣು ತೆರೆದೇ ಇರುತ್ತದೆ, ಕೈ ಸ್ಟೇರಿಂಗ್ ಮೇಲೆ ಇರುತ್ತದೆ, ಎರಡು ಮೂರು ನಾಲ್ಕು ಸೆಕೆಂಡು ಒಳಗಿನವನು ಇರುವುದಿಲ್ಲ. ಗಂಟೆಗೆ 60 ಕಿಲೋಮೀಟರಿನಲ್ಲಿ ನಾಲ್ಕು ಸೆಕೆಂಡು ಅಂದರೆ 67 ಮೀಟರ್, ಯಾರೂ ಓಡಿಸದೆ ಓಡಿದ ಲಾರಿ. ಆ ತುಣುಕು ನಿದ್ದೆಯಲ್ಲಿ ಕನಸೂ ನುಗ್ಗುತ್ತದೆ. ಎದುರಿಗೆ ನಿಜವಾಗಿ ಇರುವ ಒಂದು ಬಿಳಿ ವಸ್ತುವನ್ನು ಕನಸು ಹಿಡಿದುಕೊಂಡು ಅದಕ್ಕೆ ಕೈಕಾಲು ಮುಖ ಕೊಡುತ್ತದೆ. ರಾತ್ರಿ ಎರಡರಿಂದ ಐದರವರೆಗೆ ಮೈಬಿಸಿ ತೀರಾ ಇಳಿದಿರುತ್ತದೆ. ಚೆನ್ನಾಗಿ ಮಲಗಿದವನಿಗೂ ಆ ಹೊತ್ತು ಭಾರ, ಮಲಗದವನ ಪಾಡು ಕೇಳಬೇಡಿ.

ಬಿಳಿ ವಸ್ತುಗಳಿಗೆ ಆ ರಸ್ತೆಯಲ್ಲಿ ಬರ ಇಲ್ಲ. ಡಿವೈಡರ್ ಉದ್ದಕ್ಕೂ ಕಣಗಿಲೆ ಗಿಡ ನೆಟ್ಟಿದ್ದಾರೆ. ಒಂದಾಳೆತ್ತರ ಬೆಳೆದಿರುತ್ತವೆ, ಮಳೆ ಮುಗಿಯುವ ಹೊತ್ತಿಗೆ ಇನ್ನೂ ದಟ್ಟ. ಗಾಳಿಗೆ ಹಾರಿ ಬಂದ ಪ್ಲಾಸ್ಟಿಕ್ ಕವರ್, ಸಿಮೆಂಟ್ ಚೀಲ ಆ ಕೊಂಬೆಗೆ ಸಿಕ್ಕಿಕೊಂಡು ನೇತಾಡುತ್ತಿರುತ್ತವೆ. ಹೈ ಬೀಮ್ ಬಿದ್ದ ಕೂಡಲೇ ಆ ಕವರು ಸೊಂಟದ ಎತ್ತರದಲ್ಲಿ ಬೆಳ್ಳಗೆ ಎದ್ದು ಅಲ್ಲಾಡುತ್ತದೆ, ಗಾಡಿ ಹತ್ತಿರ ಬಂದಂತೆ ಗಿಡದ ನೆರಳು ಅದರ ಹಿಂದೆ ಸರಿಯುತ್ತದೆ, ಸೆರಗು ಹಾರಿದಂತೆಯೇ ಕಾಣುತ್ತದೆ. ಸುಣ್ಣ ಬಳಿದ ಕಲ್ಲು, ರಿಫ್ಲೆಕ್ಟರ್ ಪಟ್ಟಿ, ತಗ್ಗಿನಿಂದ ಎದ್ದ ಮಂಜಿನ ಒಂದು ಎಳೆ, ಇವೂ ಸಾಕು. ಆದಿಲಾಬಾದ್ ಕಡೆ ಹತ್ತಿ ಬಿಡಿಸುವ ಕಾಲದಲ್ಲಿ ಲೋಡಿನಿಂದ ಉದುರಿದ ಹತ್ತಿ ಮುಳ್ಳುಪೊದೆಗೆಲ್ಲ ಅಂಟಿರುತ್ತದೆ, ನೀವೂ ನೋಡಿರುತ್ತೀರಿ. ನಿಮ್ಮ ಕ್ಲೀನರ್ ಹುಡುಗನಿಗೆ ಏನೂ ಕಾಣಲಿಲ್ಲ ಅಂದರೆ ಅವನು ಮಲಗಿದ್ದಿರಬೇಕು. ಇಲ್ಲವೇ ಚೆನ್ನಾಗಿ ಎಚ್ಚರ ಇದ್ದು, ಅವನಿಗೆ ಕವರು ಕವರಾಗಿಯೇ ಕಂಡಿರಬೇಕು.

ಹೆಂಗಸೇ ಯಾಕೆ ಅಂತ ಕೇಳಬಹುದು. ಕೇಳಿದ ಕಥೆಯೇ ರೂಪ ಕೊಡುತ್ತದೆ. ತೊಂಬತ್ತರ ದಶಕದಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದುಕೊಂಡು ಮಲಗಿದ ಊರಿನವರು ನಾವು, ಅಲ್ವಾ? ಕ್ಲಾಸಿಗೆ ಬರುವವರಲ್ಲಿ ಕೆಲವರಿಗೆ ಅಡ್ಡ ನಿಂತ ಎಮ್ಮೆ ಕಂಡಿರುತ್ತದೆ. ಕೆಲವರಿಗೆ ಇಲ್ಲದ ತಿರುವು ಕಂಡಿರುತ್ತದೆ, ಅದು ಇನ್ನೂ ಅಪಾಯ, ಯಾಕೆಂದರೆ ಅವರು ಬ್ರೇಕ್ ಹೊಡೆಯುವುದಿಲ್ಲ, ಸ್ಟೇರಿಂಗ್ ತಿರುಗಿಸುತ್ತಾರೆ. ನಂಬಿಕೆಯ ಬಗ್ಗೆ ನನ್ನ ತಕರಾರಿಲ್ಲ. ನಿಂಬೆಹಣ್ಣು ಬಂಪರಿಗೆ ಕಟ್ಟಿ, ಗಾಜಿನ ಮುಂದೆ ನೇತು ಹಾಕಬೇಡಿ. ಆದರೆ ಮೋಹಿನಿ ಅಂದುಕೊಂಡು ಸುಮ್ನೆ ಮುಂದೆ ಹೋದರೆ ನಿಮ್ಮ ಮೈ ಕೊಟ್ಟ ಒಂದು ಗಟ್ಟಿ ಸೂಚನೆ ವ್ಯರ್ಥವಾಗುತ್ತದೆ. ನಿದ್ದೆಯ ಮಂಪರಿನಲ್ಲಿ ಆಕಾರ ಕಂಡ ಚಾಲಕ ಅಲ್ಲಿಂದ ಮುಂದಕ್ಕೆ ಹತ್ತು ಕಿಲೋಮೀಟರ್ ಕೂಡ ಓಡಿಸಬಾರದು.

ಸೂಚನೆ ಅದಕ್ಕಿಂತ ಮುಂಚೆಯೂ ಬಂದಿರುತ್ತದೆ. ಹಿಂದಿನ ಟೋಲ್ ಯಾವಾಗ ದಾಟಿದೆ ಅಂತ ನೆನಪಾಗುವುದಿಲ್ಲ. ಗೇರ್ ತಡವಾಗಿ ಬದಲಾಗುತ್ತದೆ. ಟೈರು ಅಂಚಿನ ಬಿಳಿ ಪಟ್ಟಿ ಹತ್ತಿದಾಗ ಬೆಚ್ಚಿ ಬೀಳುತ್ತೀರಿ. ಆ ಹೊತ್ತಿಗೆ ಎಲ್ಲರೂ ಮಾಡುವುದು ಒಂದೇ. ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು, ಗುಟ್ಕಾ, ಹಸಿಮೆಣಸಿನಕಾಯಿ, ಮುಖಕ್ಕೆ ನೀರು. ಇವು ಕೆಲವು ನಿಮಿಷ ಎಚ್ಚರ ಇದ್ದೇನೆ ಅನ್ನುವ ಭಾವನೆ ಕೊಡುತ್ತವೆ, ಎಚ್ಚರ ಕೊಡುವುದಿಲ್ಲ. ಕೆಲಸ ಮಾಡುವುದು ಎರಡೇ, ನಿದ್ದೆ ಮತ್ತು ಸ್ವಲ್ಪ ಮಟ್ಟಿಗೆ ಕಾಫಿ. ಕಾಫಿ ರಕ್ತಕ್ಕೆ ಸೇರಿ ಹಿಡಿಯಲು ಸುಮಾರು ಅರ್ಧ ಗಂಟೆ ಬೇಕು. ಹಾಗಾಗಿ ಕಾಫಿ ಕುಡಿದ ತಕ್ಷಣ ಗಾಡಿ ಹತ್ತಬೇಡಿ. ಕುಡಿದು, 20 ನಿಮಿಷಕ್ಕೆ ಅಲಾರಾಂ ಇಟ್ಟು ಮಲಗಿ. ಎದ್ದ ಮೇಲೂ ಹತ್ತು ಹದಿನೈದು ನಿಮಿಷ ಮಂಪರು ಇರುತ್ತದೆ, ಆಗ ಟೈರು ತಟ್ಟಿ ನೋಡಿ, ಹಗ್ಗ ಬಿಗಿ ಮಾಡಿ, ಆಮೇಲೆ ಹೊರಡಿ. ಇದರಿಂದ ಒಂದೆರಡು ಗಂಟೆ ಸಿಗುತ್ತದೆ, ಇಡೀ ರಾತ್ರಿ ಸಿಗುವುದಿಲ್ಲ.

ಇನ್ನೆರಡು ವಿಷಯ ಮನೆಯಲ್ಲಿ ಕೇಳಿಕೊಳ್ಳಿ. ನೀವು ಜೋರಾಗಿ ಗೊರಕೆ ಹೊಡೆಯುತ್ತೀರಾ, ನಡುವೆ ಉಸಿರು ನಿಂತಂತಾಗಿ ಮತ್ತೆ ದಡಕ್ಕನೆ ಎಳೆದುಕೊಳ್ಳುತ್ತೀರಾ? ಹೌದು ಅಂದರೆ ಎಂಟು ಗಂಟೆ ಮಲಗಿದರೂ ನಿದ್ದೆ ಆಗಿರುವುದಿಲ್ಲ. ಅದಕ್ಕೆ ಚಿಕಿತ್ಸೆ ಇದೆ, ಡಾಕ್ಟರಿಗೆ ಇದನ್ನೇ ಹೇಳಿ. ಇನ್ನೊಂದು, ಹಿಂಗಾರು ಮಳೆಯ ನೆಗಡಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತೆಗೆದುಕೊಳ್ಳುವ ಮಾತ್ರೆ. ಅದರಲ್ಲಿ ಬಹಳಷ್ಟು ನಿದ್ದೆ ತರುವಂಥವು. ಲಾರಿ ಓಡಿಸುತ್ತೇನೆ ಅಂತ ಹೇಳಿಯೇ ಕೇಳಿ.

ಈಗ ಬೆಳಕಿನ ಬಳೆ. ಇದಕ್ಕೆ ಒಂದು ಸುಲಭದ ಪರೀಕ್ಷೆ ಇದೆ. ರಾತ್ರಿ ಗಾಡಿಯನ್ನು ಪೆಟ್ರೋಲ್ ಬಂಕಿನೊಳಗೆ ನಿಲ್ಲಿಸಿ ಕ್ಯಾಬಿನಿನಿಂದ ಒಂದು ಬೀದಿದೀಪ ನೋಡಿ. ಆಮೇಲೆ ಕೆಳಗಿಳಿದು ಬರಿಗಣ್ಣಿನಲ್ಲಿ ಅದೇ ದೀಪ ನೋಡಿ. ಒಳಗಿನಿಂದ ಮಾತ್ರ ಬಳೆ ಕಂಡರೆ ತಪ್ಪು ಗಾಜಿನದು. ಹೊರಗೂ ಕಂಡರೆ ಕಣ್ಣಿನದು.

ಗಾಜಿನದೇ ಆಗಿರುವ ಸಂಭವ ಕಡಿಮೆ ಏನಲ್ಲ. ಆಯುಧಪೂಜೆಗೆ ಗಾಡಿ ತೊಳೆದು ಕನ್ನಡಿಯಂತೆ ಹೊಳೆಸುತ್ತೇವೆ, ಆದರೆ ಗಾಜಿನ ಹೊರಗಡೆ ಮಾತ್ರ. ಒಳಗಡೆ ಅಗರಬತ್ತಿ, ಬೀಡಿ, ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಕಾದು ಬಿಟ್ಟ ಆವಿ, ಎಲ್ಲ ಸೇರಿ ತೆಳ್ಳಗೆ ಎಣ್ಣೆಯಂಥ ಪೊರೆ ಕೂತಿರುತ್ತದೆ. ಹಗಲಲ್ಲಿ ಕಾಣುವುದೇ ಇಲ್ಲ. ರಾತ್ರಿ ಎದುರಿನ ಎಲ್‌ಇಡಿ ದೀಪ ಬಿದ್ದ ಕೂಡಲೇ ಇಡೀ ಗಾಜು ಹರಡಿಕೊಂಡು ಹೊಳೆಯುತ್ತದೆ. ಬೆರಳಿಂದ ಒಂದು ಗೀಟು ಎಳೆದು ನೋಡಿ, ಗೊತ್ತಾಗುತ್ತದೆ. ಹೊರಗಡೆ ಹುಳಗಳ ಕಾಟ. ಮಳೆ ಬಿದ್ದ ಸಂಜೆ ಈಚಲು ಏಳುತ್ತದೆ, ಗದ್ದೆ ಬಯಲಿನಲ್ಲಿ ದೀಪಾವಳಿ ಸುಮಾರಿಗೆ ಹಸಿರು ಜಿಗಿಹುಳ ದೀಪಕ್ಕೆ ಮುತ್ತುತ್ತದೆ. ಅವು ಗಾಜಿಗೆ ಅಪ್ಪಳಿಸಿದಾಗ ಒಣ ವೈಪರ್ ಹಾಕಬೇಡಿ. ಹುಳದ ಜಿಡ್ಡು ಕಮಾನಿನಂತೆ ಹರಡಿಬಿಡುತ್ತದೆ, ಬಳೆ ಬಳೆಯಾಗಿ ಕಾಣುವುದಕ್ಕೆ ಅದೂ ಒಂದು ಕಾರಣ. ನಿಲ್ಲಿಸಿ, ಸೋಪು ನೀರು, ಹಳೇ ನ್ಯೂಸ್‌ಪೇಪರ್. ವೈಪರ್ ರಬ್ಬರು ಬೇಸಿಗೆ ಬಿಸಿಲಿಗೆ ಗಟ್ಟಿಯಾಗಿ ಮುಂಗಾರಿನಲ್ಲಿ ಸವೆದು ಹಿಂಗಾರಿಗೆ ಬರುವಷ್ಟರಲ್ಲಿ ಗಾಜನ್ನು ಗೀರುತ್ತಿರುತ್ತದೆ. ಚಿತ್ತಾ, ಸ್ವಾತಿ ಮಳೆಗೆ ಮೊದಲೇ ಬದಲಿಸಿ.

ಕಣ್ಣಿನದು ಅಂತಾದರೆ ಚಷ್ಮಾ ನಂಬರ್ ಬಂದಿರಬಹುದು, ಕಣ್ಣು ಒಣಗಿರಬಹುದು, ಪೊರೆ ಶುರುವಾಗಿರಬಹುದು. ಸಕ್ಕರೆ ಕಾಯಿಲೆ ಇದ್ದು ಗೊತ್ತಾಗದಿದ್ದರೂ ದೃಷ್ಟಿ ಹೀಗೆ ಹೆಚ್ಚು ಕಡಿಮೆ ಆಗುತ್ತದೆ. 34ಕ್ಕೆ ಸಕ್ಕರೆ ಬರುವುದಿಲ್ಲ ಅಂದುಕೊಳ್ಳಬೇಡಿ, ಕೂತು ಮಾಡುವ ಕೆಲಸ ನಮ್ಮದು. ಬಳೆಯ ಜೊತೆ ಕಣ್ಣು ಕೆಂಪಾಗಿ ನೋವು, ತಲೆನೋವು, ವಾಂತಿ ಬಂದರೆ ಅದು ಕಣ್ಣಿನ ಒತ್ತಡ ಏರಿದ ಲಕ್ಷಣ ಇರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇಲ್ಲದಿದ್ದರೆ ಒಂದು ರಜೆಯ ದಿನ ಮಿಂಟೋ ಕಣ್ಣಾಸ್ಪತ್ರೆಗೆ ಹೋಗಿ ಬನ್ನಿ, ಸರ್ಕಾರಿ ಆಸ್ಪತ್ರೆ, ಕೆ.ಆರ್. ಮಾರ್ಕೆಟ್ ಹತ್ತಿರವೇ. ಲೈಸೆನ್ಸ್ ರಿನ್ಯೂವಲ್ಲಿಗೆ ತಂದ ಮೆಡಿಕಲ್ ಸರ್ಟಿಫಿಕೇಟ್ ಇದೆಯಲ್ಲ ಅಂತ ಹೇಳಬೇಡಿ. ಅದು ಐದು ವರ್ಷಕ್ಕೊಮ್ಮೆ, ಮತ್ತು ಅದನ್ನು ಹೇಗೆ ತರುತ್ತಾರೆ ಅನ್ನುವುದು ನಿಮಗೂ ಗೊತ್ತು, ನನಗೂ ಗೊತ್ತು.

ಹಳದಿ ಕನ್ನಡಕ ಬೇಡ. ಅದನ್ನು ಹಾಕಿದರೆ ಎಲ್ಲ ಸ್ಪಷ್ಟವಾದಂತೆ ಅನಿಸುತ್ತದೆ, ಅದೇ ಮೋಸ. ಬಣ್ಣದ ಗಾಜು ಯಾವುದೇ ಆದರೂ ಕಣ್ಣಿಗೆ ಬರುವ ಬೆಳಕನ್ನು ಕಡಿಮೆ ಮಾಡುತ್ತದೆ. ರಾತ್ರಿ ನಿಮಗೆ ಬೇಕಾಗಿರುವುದೇ ಬೆಳಕು. ಎದುರಿನ ಹೆಡ್‌ಲೈಟ್ ಸ್ವಲ್ಪ ಹಿತವಾಗಬಹುದು, ಆದರೆ ಅಂಚಿನಲ್ಲಿ ನಡೆದು ಹೋಗುವ ಮನುಷ್ಯ ಇನ್ನೂ ಮಸುಕಾಗುತ್ತಾನೆ. ಪರೀಕ್ಷೆ ಮಾಡಿ ನೋಡಿದವರಿಗೂ ಇದರಿಂದ ರಾತ್ರಿ ಪಾದಚಾರಿಗಳು ಬೇಗ ಕಂಡದ್ದಿಲ್ಲ. ನವೆಂಬರ್ ಮಧ್ಯದಿಂದ ಅಯ್ಯಪ್ಪ ಮಾಲೆ ಹಾಕಿದವರು ಕಪ್ಪು ಬಟ್ಟೆಯಲ್ಲಿ ಬೆಳಗಿನ ಜಾವ ರಸ್ತೆ ಬದಿ ನಡೆಯುತ್ತಾರೆ. ಅವರು ಬರಿಗಣ್ಣಿಗೇ ಕಷ್ಟಪಟ್ಟು ಕಾಣುತ್ತಾರೆ. ಎದುರಿನ ದೀಪ ಕುಕ್ಕಿದರೆ ನೋಟವನ್ನು ಎಡ ಅಂಚಿನ ಬಿಳಿ ಪಟ್ಟಿಗೆ ಇಳಿಸಿ, ವೇಗ ಕಡಿಮೆ ಮಾಡಿ. ಅಷ್ಟೇ ಔಷಧಿ.

ಹಾಸನ ರೋಡಿನ ಬಿಸಿಲಿಗೆ ಬರುತ್ತೇನೆ. ಇದನ್ನು ನೀವು ಸಣ್ಣದು ಅಂತ ಮೇಲೆ ಮೇಲೆ ಹೇಳಿ ಬಿಟ್ಟಿದ್ದೀರಿ.

ಸೆಪ್ಟೆಂಬರ್ 22-23ರ ಸುಮಾರಿಗೆ ಸೂರ್ಯ ನೆಟ್ಟಗೆ ಪಶ್ಚಿಮಕ್ಕೆ ಮುಳುಗುತ್ತಾನೆ. ಅಕ್ಟೋಬರಿನಲ್ಲಿ ಅದಕ್ಕಿಂತ ಸ್ವಲ್ಪ ಎಡಕ್ಕೆ. ಬೆಂಗಳೂರಿನಿಂದ ಹಾಸನ ಭೂಪಟದಲ್ಲಿ ಹೆಚ್ಚು ಕಡಿಮೆ ಸೀದಾ ಪಶ್ಚಿಮ. ನೆಲಮಂಗಲ ಬಿಟ್ಟು ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್ ಕಡೆ ಹೋಗುವವನಿಗೆ ಸಂಜೆ ಐದೂವರೆಯಿಂದ ಆರರವರೆಗೆ ಸೂರ್ಯ ರಸ್ತೆಯ ತುದಿಯಲ್ಲೇ ಕೂತಿರುತ್ತಾನೆ. ಮಳೆಗಾಲದಲ್ಲಿ ಮೋಡ ಅಡ್ಡ ಇತ್ತು. ಈಗ ಮಳೆ ತೊಳೆದ ಆಕಾಶ, ಅಡ್ಡಕ್ಕೆ ಏನೂ ಇಲ್ಲ. ಲಾರಿಯ ವೈಸರ್ ಅಷ್ಟು ಕೆಳಗಿನ ಬಿಸಿಲಿಗೆ ಇಳಿಯುವುದಿಲ್ಲ. ನಾಗಪುರದ ರಸ್ತೆಯಲ್ಲಿ ನಿಮಗೆ ಈ ತೊಂದರೆ ಗೊತ್ತಾಗದಿರುವುದಕ್ಕೆ ಕಾರಣ ಇಷ್ಟೇ: ಅದು ಉತ್ತರ ದಕ್ಷಿಣ, ಬಿಸಿಲು ಪಕ್ಕದಿಂದ ಬರುತ್ತದೆ. ಮುಂದೆ ನವೆಂಬರ್, ಡಿಸೆಂಬರಿನಲ್ಲಿ ಸೂರ್ಯ ಇನ್ನೂ ದಕ್ಷಿಣಕ್ಕೆ ಸರಿದಾಗ ಮೈಸೂರು ಕಡೆ ಸಂಜೆ ಹೋಗುವವರಿಗೂ ಇದೇ ಗೋಳು.

ಮುಳುಗಿದ ಮೇಲಿನ ಅರ್ಧ ಗಂಟೆ ಇನ್ನೂ ಕೆಟ್ಟದ್ದು. ಬಿಸಿಲು ನೋಡಿದ ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಅದೇ ಹೊತ್ತಿಗೆ ಹೊಲದ ಕೆಲಸ ಮುಗಿಸಿದ ಟ್ರಾಕ್ಟರುಗಳು ರಸ್ತೆಗೆ ಹತ್ತುತ್ತವೆ. ಟ್ರೇಲರಿಗೆ ಹಿಂದಿನ ದೀಪ ಇರುವುದಿಲ್ಲ. ಇದ್ದರೂ ಮೇಲಿಂದ ಇಳಿಬಿದ್ದ ಹುಲ್ಲು ಮುಚ್ಚಿರುತ್ತದೆ. ಹುಲ್ಲಿನ ಬಣ್ಣ, ಸಂಜೆಯ ಬಣ್ಣ, ದೂಳಿನ ಬಣ್ಣ ಮೂರೂ ಒಂದೇ. ಅದು ಗಂಟೆಗೆ 15 ಕಿಲೋಮೀಟರಿನಲ್ಲಿ ಹೋಗುತ್ತಿರುತ್ತದೆ, ನೀವು 60ರಲ್ಲಿ. ಬೆಳಗಾವಿ, ಬಾಗಲಕೋಟೆ ಕಡೆ ಟ್ರಿಪ್ ಬಂದರೆ ಕಬ್ಬಿನ ಜೋಡಿ ಟ್ರೇಲರು, ಉದ್ದವೂ ಜಾಸ್ತಿ, ಅಗಲವೂ ಜಾಸ್ತಿ. ನಿಮ್ಮ ಎರಡು ಮೂರು ಸೆಕೆಂಡಿನ ಕುರುಡಿನಲ್ಲಿ 60ರ ವೇಗಕ್ಕೆ 33ರಿಂದ 50 ಮೀಟರ್ ಸಾಗಿರುತ್ತೀರಿ. ಅಷ್ಟರೊಳಗೆ ಒಂದು ಟ್ರಾಕ್ಟರ್ ಇದ್ದರೆ?

ಮಾಡಬಹುದಾದ್ದು ಹೇಳುತ್ತೇನೆ. ಹಗಲಲ್ಲಿ ಬೂದು ಅಥವಾ ಕಂದು ಬಣ್ಣದ ಪೋಲರೈಸ್ಡ್ ತಂಪು ಕನ್ನಡಕ ಹಾಕಿ. ಅದು ರಾತ್ರಿಯ ಕಣ್ಣನ್ನೂ ಕಾಪಾಡುತ್ತದೆ, ದಿನವಿಡೀ ಬಿಸಿಲು ಕುಡಿದ ಕಣ್ಣು ಕತ್ತಲೆಗೆ ತಡವಾಗಿ ಹೊಂದಿಕೊಳ್ಳುತ್ತದೆ. ಸೂರ್ಯ ಮುಳುಗಿದ ಕೂಡಲೇ ತೆಗೆಯಿರಿ. ದೀಪ ಬೇಗ ಹಾಕಿ, ನಿಮಗೆ ಕಾಣಲಿಕ್ಕಲ್ಲ, ನೀವು ಕಾಣಲಿಕ್ಕೆ. ಇನ್ನೂ ಒಳ್ಳೆಯದು, ಹಾಸನದ ಟ್ರಿಪ್ಪಿನಲ್ಲಿ ಐದೂವರೆಗೆ ಟೀಗೆ ನಿಲ್ಲಿಸಿ ಆರೂಮುಕ್ಕಾಲಿಗೆ ಹೊರಡಿ. ಒಂದೂಕಾಲು ಗಂಟೆ ಹೋಗುತ್ತದೆ ನಿಜ. ಆ ಟ್ರಿಪ್ಪಿನಲ್ಲಿ ನಿಮ್ಮನ್ನು ಯಾವ ಮಂಡಿಯೂ ಕಾಯುತ್ತಿಲ್ಲವಲ್ಲ.

ಅದೇ ರಸ್ತೆಯಲ್ಲಿ ಇನ್ನೊಂದು. ನವೆಂಬರಿನಿಂದ ಹಳ್ಳಿ ಹತ್ತಿರದ ಒಳರಸ್ತೆಗಳಲ್ಲಿ ರಾಗಿ, ಆಮೇಲೆ ಹುರುಳಿ ಒಕ್ಕಣೆ ಶುರುವಾಗುತ್ತದೆ. ಗಾಡಿ ಹತ್ತಿ ಇಳಿಯಲಿ, ಕಾಳು ಉದುರಲಿ ಅಂತ ಟಾರಿನ ಮೇಲೇ ಹರಡಿರುತ್ತಾರೆ. ಕಾನೂನಿಗೆ ವಿರುದ್ಧ, ಆದರೂ ನಿಂತಿಲ್ಲ. ಕಣ ಮಾಡಲು ಜಾಗ ಇಲ್ಲದ ರೈತನನ್ನು ಬೈದು ಪ್ರಯೋಜನವೂ ಇಲ್ಲ. ಹುರುಳಿ ಬಳ್ಳಿ ಪ್ರೊಪೆಲ್ಲರ್ ಶಾಫ್ಟಿಗೆ ಸುತ್ತಿಕೊಳ್ಳುತ್ತದೆ, ಉಜ್ಜಿ ಉಜ್ಜಿ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ನಿಮ್ಮದು 2020ರ ನಂತರದ ಬಿಎಸ್6 ಗಾಡಿಯಾದರೆ ಜಾಸ್ತಿ ಎಚ್ಚರ ಬೇಕು. ಹೊಗೆ ಫಿಲ್ಟರ್ ತನ್ನಷ್ಟಕ್ಕೆ ತಾನು ಮಸಿ ಸುಟ್ಟುಕೊಳ್ಳುವಾಗ ಅದರ ಬಿಸಿ 600 ಡಿಗ್ರಿ ಹತ್ತಿರಕ್ಕೆ ಹೋಗುತ್ತದೆ. ಫಿಲ್ಟರ್ ಸುಟ್ಟುಕೊಳ್ಳುತ್ತಿದೆ ಅಂತ ತೋರಿಸುವ ದೀಪ ಡ್ಯಾಶ್‌ಬೋರ್ಡಿನಲ್ಲಿ ಉರಿಯುತ್ತಿರುವಾಗ ಒಣಹುಲ್ಲಿನ ಮೇಲೆ ನಿಲ್ಲಿಸಲೇಬಾರದು. ಒಕ್ಕಣೆ ದಾಟಿದ ಮೇಲೆ ಒಂದು ಸಲ ಇಳಿದು ಅಡಿಗೆ ಬಗ್ಗಿ ನೋಡಿ.

ಮಂಜಿನ ವಿಷಯ ಚಿಕ್ಕದಾಗಿ ಮುಗಿಸುತ್ತೇನೆ, ನಿಮ್ಮ ಹಳೇ ಡ್ರೈವರ್‌ಗಳಿಗೆ ಇದು ಬಹುಪಾಲು ಗೊತ್ತು. ಆಕಾಶ ಶುಭ್ರ, ನೆಲದಲ್ಲಿ ಮಳೆಯ ತೇವ, ಗಾಳಿ ಇಲ್ಲ. ರಾತ್ರಿ ನೆಲ ಬೇಗ ತಣ್ಣಗಾಗಿ ಅದರ ಮೇಲಿನ ತೇವ ಮಂಜಾಗುತ್ತದೆ. ಅದಕ್ಕೇ ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆ ಕೆರೆಯ ಪಕ್ಕ, ತಗ್ಗಿನಲ್ಲಿ ತೇಪೆ ತೇಪೆಯಾಗಿ ಕೂತಿರುತ್ತದೆ. ಚೆನ್ನಾಗಿ ಕಾಣುತ್ತಿದ್ದ ರಸ್ತೆ ಒಂದು ಇಳಿಜಾರಿನಲ್ಲಿ ಮಾಯವಾಗುತ್ತದೆ. ಹೈ ಬೀಮ್ ಹಾಕಿದರೆ ಮಂಜಿನ ಹನಿಗಳು ಬೆಳಕನ್ನು ನಿಮ್ಮ ಕಣ್ಣಿಗೇ ವಾಪಸ್ ಎಸೆಯುತ್ತವೆ, ಬಿಳಿ ಗೋಡೆ ಎದ್ದಂತಾಗುತ್ತದೆ. ಲೋ ಬೀಮ್, ಫಾಗ್ ಲ್ಯಾಂಪ್ ಇದ್ದರೆ ಅದು, ಸಾಕು. ಓಡುತ್ತಿರುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸುವ ಚಾಳಿ ಬಿಡಿ. ಹಿಂದಿನವನಿಗೆ ನೀವು ನಿಂತಿದ್ದೀರೋ, ಓಡುತ್ತಿದ್ದೀರೋ, ಎಡಕ್ಕೆ ಹೋಗುತ್ತೀರೋ ಒಂದೂ ತಿಳಿಯುವುದಿಲ್ಲ. ಮುಂದಿನ ಲಾರಿಯ ಕೆಂಪು ದೀಪ ಹಿಡಿದು ಹಿಂಬಾಲಿಸುವುದೂ ಬೇಡ, ಅವನು ಹೊಂಡಕ್ಕೆ ಹೋದರೆ ನೀವೂ ಹೋಗುತ್ತೀರಿ.

ವೇಗದ ಲೆಕ್ಕ ಮಾತ್ರ ನೆನಪಿಟ್ಟುಕೊಳ್ಳಿ. ಒಣ ರಸ್ತೆ, ಬ್ರೇಕ್ ಚೆನ್ನಾಗಿದೆ, ಲೋಡು ಇದೆ ಅಂದುಕೊಳ್ಳಿ. ನೋಡಿ, ಕಾಲು ಎತ್ತಿ, ಗಾಳಿ ಬ್ರೇಕು ಹಿಡಿದು ಗಾಡಿ ನಿಲ್ಲುವಷ್ಟರಲ್ಲಿ 60ರ ವೇಗದಲ್ಲಿ ಹೆಚ್ಚು ಕಡಿಮೆ 70 ಮೀಟರ್ ಹೋಗಿರುತ್ತದೆ. 40ರಲ್ಲಿ ಸುಮಾರು 40 ಮೀಟರ್. 30ರಲ್ಲಿ 25. ಬೀದಿದೀಪದ ಕಂಬಗಳ ನಡುವೆ ಸುಮಾರು 30 ಮೀಟರ್ ಇರುತ್ತದೆ. ಒಂದು ಕಂಬದಿಂದ ಇನ್ನೊಂದು ಕಂಬ ಮಾತ್ರ ಕಾಣುತ್ತಿದೆ ಅಂದರೆ 30 ದಾಟಬೇಡಿ. ಅದೂ ಕಾಣದಿದ್ದರೆ ಬಂಕಿಗೋ, ಡಾಬಾಕ್ಕೋ, ಟೋಲಿನ ಲಾರಿ ನಿಲುಗಡೆಗೋ ಒಳಗೆ ಹೋಗಿ. ರಸ್ತೆ ಅಂಚಿನಲ್ಲಿ ದೀಪ ಆರಿಸಿ ಮಲಗುವವರೇ ಮಂಜಿನಲ್ಲಿ ದೊಡ್ಡ ಅಪಾಯ. ಕೆಟ್ಟು ನಿಂತರೆ ತ್ರಿಕೋನದ ರಿಫ್ಲೆಕ್ಟರ್ ಇಡಿ, ಕಲ್ಲು ಸೊಪ್ಪು ಬೇಡ. ಇಟ್ಟರೂ ಹೋಗುವಾಗ ಆ ಕಲ್ಲು ಎತ್ತಿ ಹೋಗಿ ಮಾರಾಯರೇ, ಹಿಂದೆ ಬೈಕಿನವರು ಬರುತ್ತಾರೆ.

ನಾಗಪುರದಿಂದ ಆಚೆ ದೆಹಲಿ ಕಡೆ ಟ್ರಿಪ್ ಬಂದರೆ ಮಂಜಿನ ಜೊತೆ ಭತ್ತದ ಕೂಳೆ ಸುಟ್ಟ ಹೊಗೆಯೂ ಸೇರುತ್ತದೆ, ಅಕ್ಟೋಬರ್ ಕೊನೆಯಿಂದ ನವೆಂಬರಿನವರೆಗೆ. ಗಾಳಿ ತೀರಾ ಕೆಟ್ಟಾಗ ಹಳೇ ಡೀಸೆಲ್ ಲಾರಿಗಳನ್ನು ದೆಹಲಿಯೊಳಗೆ ಬಿಡುವುದಿಲ್ಲ. ಲೋಡು ಹಾಕುವ ಮುಂಚೆ ವಿಚಾರಿಸಿ.

ಇಷ್ಟೆಲ್ಲ ಅಪಾಯ ಹೇಳಿದೆ ಅಂತ ಈ ಕಾಲದ ರಸ್ತೆಯ ಮೇಲೆ ನನಗೆ ಕೋಪ ಇದೆ ಅಂದುಕೊಳ್ಳಬೇಡಿ. ಲಾರಿ ಓಡಿಸುವವನಿಗೆ ವರ್ಷದಲ್ಲಿ ಇದಕ್ಕಿಂತ ಚಂದದ ತಿಂಗಳು ಇಲ್ಲ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು ಹಳದಿ ಗೀಟು ಎಳೆದಂತೆ ಅರಳಿರುತ್ತದೆ. ಬರಡು ನೆಲದಲ್ಲೂ ತಂಗಡಿ ಹೂ. ತೆಲಂಗಾಣದಲ್ಲಿ ಅದೇ ತಂಗಡಿಯನ್ನು ಬತುಕಮ್ಮನಿಗೆ ಹೆಣ್ಣುಮಕ್ಕಳು ಬುಟ್ಟಿ ತುಂಬ ಕಿತ್ತು ತರುತ್ತಾರೆ. ಆಮೇಲೆ ಹತ್ತಿ ಹೊಲ, ಮುಗಿಯುವುದೇ ಇಲ್ಲ. ನಾಗಪುರ ಬಿಟ್ಟು ಸಿವನಿ ಕಡೆ ಹೋದವರು ಪೆಂಚ್ ಕಾಡಿನಲ್ಲಿ ಹೆದ್ದಾರಿಯನ್ನೇ ಮೇಲಕ್ಕೆ ಎತ್ತಿ ಪ್ರಾಣಿಗಳಿಗೆ ಕೆಳಗೆ ದಾರಿ ಬಿಟ್ಟದ್ದನ್ನು ನೋಡಿರುತ್ತಾರೆ. ದಸರಾ ಮುಗಿದು ವಾರವಾದರೂ ಬಾಡಿದ ಬಾಳೆಕಂದು ಕಟ್ಟಿಕೊಂಡೇ ಓಡುವ ನಮ್ಮ ಕೆಎ ನಂಬರಿನ ಗಾಡಿಗಳು. (ಅದನ್ನು ಬಿಚ್ಚಿ. ಎಡಗಡೆಯ ಇಂಡಿಕೇಟರ್ ಮುಚ್ಚಿರುತ್ತದೆ.)

ಕ್ಲಾಸಿನಲ್ಲಿ ನಾನು ಈ ನೋಟಗಳನ್ನೇ ಕೆಲಸಕ್ಕೆ ಹಚ್ಚುತ್ತೇನೆ. ಕಂಡದ್ದನ್ನು ಬಾಯಿಬಿಟ್ಟು ಹೇಳುತ್ತಾ ಓಡಿಸುವುದು. ‘ಎಡಕ್ಕೆ ಕುರಿಮಂದೆ, ಮುಂದೆ ಒಂದು ನಾಯಿ, ಟ್ರಾಕ್ಟರ್ ರಸ್ತೆಗೆ ಹತ್ತುತ್ತಿದೆ, ಬಲಕ್ಕೆ ಹುಚ್ಚೆಳ್ಳು.’ ಮೊದಲು ನಾಚಿಕೆ ಆಗುತ್ತದೆ. ಕ್ಲೀನರ್ ನಗುತ್ತಾನೆ. ಆದರೆ ಇದು ಕಣ್ಣನ್ನು ಒಂದೇ ಕಡೆ ನೆಡಲು ಬಿಡುವುದಿಲ್ಲ, ಮತ್ತು ಇದರಿಂದ ಇನ್ನೊಂದು ದೊಡ್ಡ ಉಪಯೋಗ ಇದೆ. ಹೇಳಲು ಬೇಸರವಾಗಿ ಮಾತು ನಿಂತುಹೋಯಿತು, ಕಳೆದ ಐದು ನಿಮಿಷದಲ್ಲಿ ಏನು ಕಂಡೆ ಅಂತ ನೆನಪಿಲ್ಲ ಅಂದರೆ ನಿದ್ದೆ ಬಂದಾಯಿತು. ಆಕಾರಗಳು ಎದುರು ಬಂದು ನಿಲ್ಲುವುದಕ್ಕೆ ಮುಂಚೆಯೇ ನಿಮಗೆ ಗೊತ್ತಾಗುತ್ತದೆ.

ಕೊನೆಗೆ ರಾತ್ರಿ ಗಾಡಿ ಬಿಡಬೇಕಾ ಅನ್ನುವ ಪ್ರಶ್ನೆ. ಪೂರ್ತಿ ಬಿಡಬೇಕಿಲ್ಲ. ಹೆಂಡತಿಯ ಮಾತು ಅರ್ಧ ಸರಿ. ಎರಡರಿಂದ ಐದರವರೆಗಿನ ಮೂರು ಗಂಟೆ ಬಿಡಿ. ಅಂದರೆ ರಾತ್ರಿ ಒಂದೂವರೆಗೆ ಎಲ್ಲಿದ್ದರೂ ಬಂಕಿನೊಳಗೆ ನಿಲ್ಲಿಸಿ ಬೆಳಕು ಹರಿಯುವವರೆಗೆ ಮಲಗುವುದು. ಇದರ ನಷ್ಟ ನಿಜವಾದ ನಷ್ಟ. ಕಿತ್ತಳೆ ಆ ದಿನದ ಹರಾಜು ತಪ್ಪುತ್ತದೆ, ರೇಟು ಬೀಳುತ್ತದೆ, ಓನರ್ ಮುಖ ಗಂಟಿಕ್ಕುತ್ತಾರೆ. ಅದನ್ನು ತಪ್ಪಿಸಲು ನಾಗಪುರದಿಂದಲೇ ಹೊತ್ತು ಬದಲಿಸಿ ಹೊರಡಬೇಕು, ಎರಡು ನಿದ್ದೆ ಲೆಕ್ಕ ಹಿಡಿದು ಹೊರಡಬೇಕು. ಇನ್ನೊಂದು ದಾರಿ ಜೋಡಿ ಡ್ರೈವರ್. ಖರ್ಚು ಜಾಸ್ತಿ, ಮತ್ತು ಹಿಂದೆ ಮಲಗಿದವನು ನಿಜವಾಗಿ ಮಲಗಬೇಕು, ಮೊಬೈಲು ನೋಡುತ್ತಾ ಹೊರಳಾಡಿದರೆ ಇಬ್ಬರೂ ನಿದ್ದೆಗೆಟ್ಟವರೇ. ಕ್ಲೀನರ್ ಹುಡುಗನ ಕೈಗೆ ಸ್ಟೇರಿಂಗ್ ಕೊಟ್ಟು ಮಲಗುವುದು ದಾರಿಯಲ್ಲ, ಅವನ ಹತ್ತಿರ ಹೆವಿ ಲೈಸೆನ್ಸ್ ಇಲ್ಲದಿದ್ದರೆ ಇನ್‌ಶೂರೆನ್ಸ್ ಕೂಡ ಕೈಬಿಡುತ್ತದೆ.

ಓನರ್ ಹತ್ತಿರ ಮೋಹಿನಿ ವಿಷಯ ತೆಗೆಯಬೇಡಿ, ಲೆಕ್ಕ ತೆಗೆಯಿರಿ. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ಐದು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಅಂತ ಹೇಳಿತ್ತು, 2025ರ ನವೆಂಬರಿನಿಂದ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ರಸ್ತೆಯ ಮೇಲೆ ಕೆಲಸದ ಹೊತ್ತಿನ ನಿಯಮವನ್ನು ಯಾರು ಪಾಲಿಸುತ್ತಾರೆ ಅಂತ ನಗಬೇಡಿ, ಅಪಘಾತ ಆದ ಮೇಲೆ ವಕೀಲರು ಮೊದಲು ತೆಗೆಯುವ ಪುಟಗಳಲ್ಲಿ ಅದೂ ಒಂದು. ಒಂದು ದಿನದ ರೇಟಿನ ವ್ಯತ್ಯಾಸ ಎಷ್ಟು, ಒಂದು ಹಿಂಬದಿ ಡಿಕ್ಕಿಗೆ ಗಾಡಿ ಎಷ್ಟು ತಿಂಗಳು ಗ್ಯಾರೇಜಿನಲ್ಲಿ ನಿಲ್ಲುತ್ತದೆ, ಕಂತು ಯಾರು ಕಟ್ಟುತ್ತಾರೆ, ಇದನ್ನು ಒಂದು ಹಾಳೆಯಲ್ಲಿ ಬರೆದು ತೋರಿಸಿ. ಬಹಳ ಓನರ್‌ಗಳು ಒಪ್ಪುತ್ತಾರೆ, ಎಷ್ಟೋ ಜನ ಒಂದು ಕಾಲದಲ್ಲಿ ಡ್ರೈವರ್ ಆಗಿದ್ದವರೇ. ಒಪ್ಪದಿದ್ದರೆ ಪಂಪಿನ ಲೋಡು ಉಳಿಸಿಕೊಳ್ಳಿ, ಕಿತ್ತಳೆ ಬಿಡಿ. ವಾಪಸಿಗೆ ಸಿಮೆಂಟು, ಹತ್ತಿ, ಹೀಗೆ ಬೆಳಗ್ಗೆ ಐದಕ್ಕೇ ಮುಟ್ಟಬೇಕು ಅನ್ನುವ ಅವಸರ ಇಲ್ಲದ ಮಾಲು ಕೇಳಿ. ಬಾಡಿಗೆ ಸ್ವಲ್ಪ ಕಡಿಮೆ ಸಿಗುತ್ತದೆ. ಡಿಸೆಂಬರ್ ಮುಗಿಯುವವರೆಗೆ ಮಾತ್ರ ತಾನೇ.